ಸೊಳ್ಳೆಮರಿಗಳ ಹತೋಟಿಗೆ ಊರ ಗಿಡಮರಗಳು

ಅರಸೀಕೆರೆಯಿಂದ ಹಾಸನದ ಕಡೆಗೆ ಸಾಗುವ ಹಾದಿಯಲ್ಲಿರುವ ಹಾರನಹಳ್ಳಿಯು ಹೊಯ್ಸಳರ ಕಾಲದ ದೇವಾಲಯಗಳಿಂದ ಪ್ರಸಿದ್ಧವಾದ ಊರು. ಕ್ರಿ.ಶ. 1235ರ ಸುಮಾರಿಗೆ, ವೀರ ಸೋಮೇಶ್ವರನ ಆಳ್ವಿಕೆಯಲ್ಲಿ, ಪೆದ್ದಣ್ಣ ಹೆಗ್ಗಡೆ, ಸೋವಣ್ಣ ಮತ್ತು ಕೇಸಣ್ಣ ಎಂಬ ಸೋದರರು ಇಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದರು. ಸೋಮೇಶ್ವರ ದೇವಾಲಯವೂ ಹೊಯ್ಸಳ ಶಿಲ್ಪದ ಒಳ್ಳೆಯ ಮಾದರಿಯೇ. ಊರಿನ ಮಠವು ಕೋಡಿಮಠವೆಂದು ನಾಡಿನಲ್ಲೆಲ್ಲ ಹೆಸರಾಗಿದೆ. ಕೋಡಿಯೆಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹರಿದುಹೋಗುವ ಸ್ಥಳ. ತಾಲ್ಲೂಕು ಕೇಂದ್ರದ ಹೆಸರಿನಲ್ಲಿಯೂ ಕೆರೆಯಿದೆ. ಹಳೇಬೀಡಿನ ಬಳಿಯ ಹುಳಿಕೆರೆಯಲ್ಲಿ ಹನ್ನೆರಡನೆಯ ಶತಮಾನದ ಚೆಲುವಾದ ಕಲ್ಯಾಣಿಯಿದೆ. ಮಲೆನಾಡಿನ ಮಳೆ ಕಡಿಮೆಯಾಗುತ್ತ ಬಂದು ಬಯಲುಸೀಮೆ ಆರಂಭವಾಗುವ ಈ ಪ್ರದೇಶದಲ್ಲಿ ನೀರನ್ನು ಕೂಡಿಡುವುದು ಜನಜೀವನದ ಮೊದಲ ಪಾಠವಾಗಿತ್ತೆಂಬುದಕ್ಕೆ ಇವೆಲ್ಲ ಸಾಕ್ಷಿಗಳಾಗಿವೆ.

ಕೂಡಿಟ್ಟ ನೀರು ಜೀವನಾಧಾರವಾದಂತೆಯೇ, ಎಚ್ಚರ ತಪ್ಪಿದರೆ, ರೋಗಕ್ಕೂ ಆಧಾರವಾಗುತ್ತದೆ. ಸೊಳ್ಳೆಯು ನೀರಿನಲ್ಲಿ ಹುಟ್ಟಿ, ನೀರಿನಲ್ಲಿ ಬೆಳೆದು, ಅನಂತರ ಗಾಳಿಗೆ ಬರುವ ಕೀಟ. ಹಾರುವ ಸೊಳ್ಳೆಯನ್ನು ಹೊಗೆಯಿಂದಲೂ ಬತ್ತಿಯಿಂದಲೂ ಓಡಿಸಲು ಜನರು ಹಣ ವೆಚ್ಚ ಮಾಡುತ್ತಾರೆ. ಅದರ ಮರಿಗಳು ಮನೆಯ ಹಿತ್ತಲಿನಲ್ಲಿಯೇ, ಕೈಗೆಟಕುವ ನೀರಿನಲ್ಲಿ, ರೆಕ್ಕೆಯಿಲ್ಲದೆ, ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲದೆ ಇರುವಾಗ ಅವುಗಳತ್ತ ಗಮನ ಹರಿಸುವವರು ವಿರಳ. ಈ ಮರಿಗಳನ್ನು ನಾಶಮಾಡುವ ಶಕ್ತಿಯುಳ್ಳ ಗಿಡಮರಗಳು ಅರಸೀಕೆರೆಯ ಹೊಲದ ಬದುಗಳಲ್ಲಿಯೇ ಬೆಳೆದಿವೆ. ಅವುಗಳನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಲೇಬಾರದು ಎಂಬ ವಿವೇಚನೆ ಇದ್ದಾಗ ಮಾತ್ರ ಅವುಗಳಿಂದ ಪ್ರಯೋಜನವುಂಟು.

ರೋಗಗಳ ಹಿನ್ನೆಲೆ

ಮಲೇರಿಯಾ ರೋಗಕ್ಕೂ ಸೊಳ್ಳೆಗೂ ಇರುವ ಸಂಬಂಧವನ್ನು ರೊನಾಲ್ಡ್ ರಾಸ್ ಎಂಬ ವೈದ್ಯಾಧಿಕಾರಿಯು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡುಕೊಂಡನು. ಅದಕ್ಕೆ ಎರಡು ವರ್ಷಗಳ ಹಿಂದೆ ಆತನು ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕೆಲಸದಲ್ಲಿ ನಿಯುಕ್ತನಾಗಿದ್ದನು. ಸ್ವಾತಂತ್ರ್ಯಾನಂತರ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದವು. ಮನೆಮನೆಗೂ ಡಿ.ಡಿ.ಟಿ. ಸಿಂಪಡಿಸಿದುದರ ಫಲವಾಗಿ ರೋಗಿಗಳ ಸಂಖ್ಯೆ 1960ರ ದಶಕದ ಮೊದಲಲ್ಲಿ ಇಡೀ ದೇಶದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆಯಾಯಿತು. ಆದರೆ ಈ ಜಯ ಬಹುಕಾಲ ನಿಲ್ಲಲಿಲ್ಲ. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷವನ್ನು ಮೀರಿತು.

ಈ ಹಿನ್ನಡೆಗೆ ಹಲವು ಕಾರಣಗಳಿದ್ದವು. ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಯು ಡಿ.ಡಿ.ಟಿ.ಯನ್ನು ತಾಳಿಕೊಳ್ಳುವ ಶಕ್ತಿಯನ್ನು ಬೆಳೆಸಿಕೊಂಡದ್ದು ಅವುಗಳಲ್ಲೊಂದು. ಇದು 1959ರಷ್ಟು ಹಿಂದೆಯೇ ಗುಜರಾತಿನಲ್ಲಿ ಕಂಡುಬಂದಿತ್ತು. ಕರ್ನಾಟಕದ ರೇಷ್ಮೆ ಬೆಳೆಯುವ ಗ್ರಾಮಗಳಲ್ಲಿ ಇನ್ನೊಂದು ತೊಡಕು ಎದುರಾಯಿತು. ಸೊಳ್ಳೆಗೆಂದು ಗೋಡೆಗೆ ಹೊಡೆದ ವಿಷವು ಅದೇ ಮನೆಯಲ್ಲಿ ಸಾಕಿದ ರೇಷ್ಮೆಹುಳುವನ್ನೂ ಕೊಲ್ಲುವುದರಿಂದ ರೈತರು ಸಿಂಪಡಣೆಗೆ ಒಪ್ಪಲಿಲ್ಲ. ಹೀಗೆ ರಾಸಾಯನಿಕ ಕೀಟನಾಶಕಗಳ ಮಿತಿಯು ಅನುಭವದಿಂದಲೇ ತಿಳಿದುಬಂದು, ಬೇರೆ ಮಾರ್ಗಗಳ ಹುಡುಕಾಟ ಅನಿವಾರ್ಯವಾಯಿತು.

ಈಚಿನ ದಶಕಗಳಲ್ಲಿ ಮಲೇರಿಯಾ ಇಳಿಮುಖವಾಗಿದ್ದರೂ ಡೆಂಗಿ ಮತ್ತು ಚಿಕುನ್‌ಗುನ್ಯಾ ರೋಗಗಳು ಹಳ್ಳಿಗಳಿಗೂ ವ್ಯಾಪಿಸಿವೆ. 2006ರ ಚಿಕುನ್‌ಗುನ್ಯಾ ಪಿಡುಗಿನಲ್ಲಿ ದೇಶದಾದ್ಯಂತ ಶಂಕಿತ ರೋಗಿಗಳ ಸಂಖ್ಯೆ 13 ಲಕ್ಷವನ್ನು ಮೀರಿದ್ದು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕರ್ನಾಟಕದವರಾಗಿದ್ದರು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆಗಳ ಉತ್ಪತ್ತಿಗೆ ಅವಕಾಶವೀಯುವ ಮನೆ ಹಾಗೂ ಕಟ್ಟಡಗಳ ಒಡೆಯರಿಗೆ ದಂಡ ವಿಧಿಸುವ ನಿಯಮವನ್ನೂ ಜಾರಿಗೆ ತಂದಿತು. ಡೆಂಗಿಗೆ ನೇರವಾದ ಔಷಧವಿಲ್ಲ. ಸೊಳ್ಳೆ ಕಚ್ಚದಂತೆ, ಅದಕ್ಕಿಂತ ಮಿಗಿಲಾಗಿ ಸೊಳ್ಳೆ ಹುಟ್ಟದಂತೆ ನೋಡಿಕೊಳ್ಳುವುದೇ ಮುಖ್ಯವಾದ ರಕ್ಷಣೆ.

ಸೊಳ್ಳೆಯ ಬಾಳು

ಸೊಳ್ಳೆಯ ಜೀವನದಲ್ಲಿ ಮೊಟ್ಟೆ, ಡಿಂಭ, ಕೋಶ ಮತ್ತು ಪ್ರೌಢಕೀಟ ಎಂಬ ನಾಲ್ಕು ಅವಸ್ಥೆಗಳುಂಟು. ನೀರಿನಲ್ಲಿಟ್ಟ ಮೊಟ್ಟೆಯು ಎರಡು ಮೂರು ದಿನಗಳಲ್ಲಿ ಒಡೆದು ಡಿಂಭ ಹೊರಬರುತ್ತದೆ. ನೀರಿನಲ್ಲಿ ಕೊಂಕುತ್ತ ಡೊಂಕುತ್ತ ಮೇಲೆ ಕೆಳಗೆ ಚಲಿಸುವ ಹುಳುವೇ ಈ ಡಿಂಭ. ಜನರು ಇದನ್ನು ಸೊಳ್ಳೆಮರಿಯೆಂದು ಕರೆಯುತ್ತಾರೆ. ಅದು ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನೂ ಕೊಳೆತ ಕಣಗಳನ್ನೂ ತಿಂದು, ನಾಲ್ಕು ಹಂತಗಳಲ್ಲಿ ಪೊರೆ ಕಳಚುತ್ತ ಬೆಳೆಯುತ್ತದೆ. ಬಳಿಕ ಅಲ್ಪವಿರಾಮ ಚಿಹ್ನೆಯ ಆಕಾರದ ಕೋಶವಾಗಿ, ಏನನ್ನೂ ತಿನ್ನದೆ ಎರಡು ದಿನಗಳಷ್ಟು ಕಾಲ ಇದ್ದು, ಪೊರೆಯೊಡೆದು ಸೊಳ್ಳೆಯಾಗಿ ಹಾರಿಹೋಗುತ್ತದೆ. ಬೆಚ್ಚನೆಯ ದಿನಗಳಲ್ಲಿ ಇಷ್ಟೆಲ್ಲವೂ ಒಂದು ವಾರದಿಂದ ಹತ್ತು ದಿನಗಳೊಳಗೆ ಮುಗಿಯುತ್ತದೆ. ಈ ಅವಧಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅಗತ್ಯ. ನಿಯಂತ್ರಣದ ಯಾವ ಉಪಾಯವಾದರೂ ವಾರಕ್ಕೊಮ್ಮೆ ನಡೆಯಬೇಕೆಂಬುದಕ್ಕೆ ಇದೇ ಕಾರಣ.

ಡಿಂಭವು ನೀರಿನಲ್ಲಿದ್ದರೂ ಉಸಿರಾಟಕ್ಕೆ ನೀರಿನ ಮೇಲ್ಮೈಗೆ ಬರಲೇಬೇಕು. ಮಲೇರಿಯಾ ಹರಡುವ ಆನಾಫಿಲಿಸ್ ಸೊಳ್ಳೆಯ ಡಿಂಭವು ನೀರಿನ ಮೇಲ್ಮೈಗೆ ಸಮಾಂತರವಾಗಿ ಮಲಗಿದಂತೆ ಕಾಣುತ್ತದೆ. ಕ್ಯೂಲೆಕ್ಸ್ ಮತ್ತು ಈಡಿಸ್ ಜಾತಿಯವು ಬಾಲದ ತುದಿಯ ಉಸಿರುಕೊಳವೆಯನ್ನು ಮೇಲಕ್ಕೆ ಚಾಚಿ ತಲೆಕೆಳಗಾಗಿ ತೂಗುತ್ತವೆ. ಈ ವ್ಯತ್ಯಾಸವನ್ನು ಶಾಲೆಯ ಮಕ್ಕಳೂ ಬರಿಗಣ್ಣಿನಿಂದ ಗುರುತಿಸಬಲ್ಲರು.

ಈ ಮೂರು ಜಾತಿಗಳಿಗೂ ಬೇಕಾದ ನೀರು ಬೇರೆ ಬೇರೆ. ಆನಾಫಿಲಿಸ್ ಬಾವಿ, ತೊರೆ, ಗುಂಡಿ, ಗದ್ದೆಗಳ ತಿಳಿನೀರನ್ನು ಬಯಸುತ್ತದೆ. ಚರಂಡಿ, ಬಚ್ಚಲಗುಂಡಿಗಳ ಕೊಳಕುನೀರು ಕ್ಯೂಲೆಕ್ಸ್ ಜಾತಿಯ ಸೊಳ್ಳೆಯ ತವರು. ಅದರ ಬಳಗದ ಕೆಲವು ಸೊಳ್ಳೆಗಳು ಭತ್ತದ ಗದ್ದೆಯಲ್ಲಿ ಹುಟ್ಟಿ ಮೆದುಳು ಜ್ವರವನ್ನು ಹರಡುತ್ತವೆ. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯಾದರೋ ಮನೆಯ ಸುತ್ತಮುತ್ತ ಪಾತ್ರೆಗಳಲ್ಲಿ ನಿಂತ ಸ್ವಲ್ಪವೇ ನೀರಿನಲ್ಲಿ ಹುಟ್ಟುತ್ತದೆ, ಹಗಲಿನಲ್ಲಿ ಕಚ್ಚುತ್ತದೆ ಮತ್ತು ಹುಟ್ಟಿದ ಸ್ಥಳದಿಂದ ಬಹಳ ದೂರ ಹೋಗುವುದಿಲ್ಲ. ಒಂದು ಮನೆಯವರಿಗೆ ಡೆಂಗಿ ತಂದ ಸೊಳ್ಳೆ ಅದೇ ಮನೆಯ ಅಥವಾ ನೆರೆಮನೆಯ ಹಿತ್ತಲಿನಲ್ಲಿಯೇ ಹುಟ್ಟಿರುವ ಸಂಭವ ಹೆಚ್ಚು.

ಅರಸೀಕೆರೆ, ತಿಪಟೂರು ಪ್ರದೇಶವು ತೆಂಗಿನ ನಾಡು. ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟದ ರಾಶಿ, ಎಳನೀರು ಕುಡಿದು ಎಸೆದ ಬುರುಡೆ, ಇವುಗಳಲ್ಲಿ ಒಂದು ಮಳೆಗೆ ನಿಂತ ನೀರು ಈಡಿಸ್ ಸೊಳ್ಳೆಗೆ ಧಾರಾಳವಾಗಿ ಸಾಲುತ್ತದೆ. ರುಬ್ಬುವ ಯಂತ್ರ ಬಂದ ಮೇಲೆ ಹಿತ್ತಲು ಸೇರಿದ ಒರಳುಕಲ್ಲು, ಒಡೆದ ಮಡಕೆ, ಹಳೆಯ ಟೈರು, ದನಗಳ ಕಲ್ಲುಬಾನಿ, ಮುಚ್ಚಳವಿಲ್ಲದ ಡ್ರಮ್ಮು ಮತ್ತು ಸಿಮೆಂಟು ತೊಟ್ಟಿ ಇವುಗಳದೂ ಇದೇ ಕಥೆ. ನಲ್ಲಿಯ ನೀರು ದಿನವೂ ಬಾರದ ಊರುಗಳಲ್ಲಿ ನೀರನ್ನು ಹಿಡಿದಿಡುವುದು ತಪ್ಪುವುದಿಲ್ಲವಾದುದರಿಂದ, ಮಳೆಯಿಲ್ಲದ ತಿಂಗಳುಗಳಲ್ಲಿಯೂ ಈ ಸೊಳ್ಳೆಗೆ ನೆಲೆಯುಂಟು.

ಬೇವಿನ ಮಹಿಮೆ, ವಿಜ್ಞಾನದ ಒರೆಗಲ್ಲಿನಲ್ಲಿ

ಸಸ್ಯಮೂಲವಾದ ಸೊಳ್ಳೆನಾಶಕಗಳಲ್ಲಿ ಬೇವಿಗೆ ಮೊದಲ ಸ್ಥಾನ ಸಲ್ಲುತ್ತದೆ. ಯುಗಾದಿಯ ದಿನ ಬೇವುಬೆಲ್ಲವಾಗಿ, ಧಾನ್ಯದ ಕಣಜದಲ್ಲಿ ಒಣಗಿದ ಎಲೆಯಾಗಿ, ಹಲ್ಲುಜ್ಜುವ ಕಡ್ಡಿಯಾಗಿ ಬೇವು ಈ ನಾಡಿನ ಬಾಳಿನೊಡನೆ ಬೆರೆತಿದೆ. ಅದರ ಕೀಟನಾಶಕ ಗುಣದ ಕಡೆಗೆ ಆಧುನಿಕ ವಿಜ್ಞಾನಿಗಳ ಗಮನ ಸೆಳೆದದ್ದು ಮಿಡತೆಗಳು. 1959ರಲ್ಲಿ ಸುಡಾನ್ ದೇಶದಲ್ಲಿ ಮಿಡತೆಗಳ ಹಿಂಡು ಎರಗಿ ಹಸಿರೆಲ್ಲವನ್ನೂ ತಿಂದು ಹಾಕಿದಾಗ ಬೇವಿನ ಮರಗಳು ಮಾತ್ರ ಉಳಿದುದನ್ನು ಜರ್ಮನಿಯ ಕೀಟಶಾಸ್ತ್ರಜ್ಞ ಹೈನ್ರಿಚ್ ಶ್ಮುಟರರ್ ಗಮನಿಸಿದರು. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜವನ್ನು ಅರೆದು ನೀರಿನಲ್ಲಿ ಕದಡಿ ಬೆಳೆಗೆ ಸಿಂಪಡಿಸಿದರೆ ಮಿಡತೆಗಳು ಅದನ್ನು ಮುಟ್ಟುವುದಿಲ್ಲವೆಂದು ತೋರಿಸಿದರು. 1968ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರು ಬೇವಿನ ಬೀಜದಿಂದ ಅಜಾಡಿರಾಕ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದರ ರಚನೆ ಎಷ್ಟು ಜಟಿಲವೆಂದರೆ, ಪ್ರಯೋಗಶಾಲೆಯಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ತಯಾರಿಸಲು 2007ರವರೆಗೆ ಕಾಯಬೇಕಾಯಿತು. ಬೇವಿನ ಮರವಾದರೋ ಅದನ್ನು ಪ್ರತಿವರ್ಷವೂ ಬಿಟ್ಟಿಯಾಗಿಯೇ ತಯಾರಿಸಿಕೊಡುತ್ತದೆ.

ಈ ವಸ್ತುವು ಕೀಟವನ್ನು ತಟ್ಟನೆ ಕೊಲ್ಲುವ ವಿಷವಲ್ಲ. ಕೀಟದ ಬೆಳವಣಿಗೆಯನ್ನು ನಡೆಸುವ ಅಂತಃಸ್ರಾವಗಳ ಕ್ರಮವನ್ನು ಅದು ಕೆಡಿಸುತ್ತದೆ. ಅದರಿಂದ ಡಿಂಭವು ಪೊರೆ ಕಳಚಲಾರದೆ, ಕೋಶವಾಗಲಾರದೆ, ಹಳೆಯ ಚರ್ಮದೊಳಗೇ ಸಿಕ್ಕಿಕೊಂಡು ಸಾಯುತ್ತದೆ. ಆಹಾರದಲ್ಲಿ ಅರುಚಿಯನ್ನೂ ಉಂಟುಮಾಡುತ್ತದೆ. ಬೇವಿನ ಎಣ್ಣೆಯನ್ನು ಬಳಸಿದಾಗ ನೀರಿನ ಮೇಲೆ ಹರಡುವ ತೆಳುವಾದ ಪೊರೆಯು ಡಿಂಭದ ಉಸಿರಾಟಕ್ಕೂ ಅಡ್ಡಿಯಾಗುತ್ತದೆ. ಬೇವಿನಲ್ಲಿ ಇಂತಹ ಗುಣವುಳ್ಳ ವಸ್ತುಗಳು ಅನೇಕವಿರುವುದರಿಂದ, ಒಂದೇ ರಾಸಾಯನಿಕಕ್ಕೆ ಒಗ್ಗಿಕೊಂಡಂತೆ ಸೊಳ್ಳೆಗಳು ಇದಕ್ಕೆ ಬೇಗನೆ ಒಗ್ಗಿಕೊಳ್ಳಲಾರವು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಸ್ಥೆಗಳು ಈ ಬಗ್ಗೆ ಪ್ರಯೋಗಗಳನ್ನು ನಡೆಸಿವೆ. ಶೇಕಡಾ 5ರಷ್ಟು ಬೇವಿನ ಎಣ್ಣೆಯನ್ನು ನೀರಿನಲ್ಲಿ ಬೆರೆಸಿ, ನಿಂತ ನೀರಿನ ಪ್ರತಿ ಚದರ ಮೀಟರಿಗೆ 50 ಮಿಲಿಲೀಟರಿನಂತೆ ಸಿಂಪಡಿಸಿದಾಗ ಸೊಳ್ಳೆಮರಿಗಳು ಗಣನೀಯವಾಗಿ ಕಡಿಮೆಯಾದುದು 1990ರ ದಶಕದಲ್ಲಿ ಕಂಡುಬಂದಿತು. ಎಣ್ಣೆಯಲ್ಲಿ ಅದ್ದಿದ ಮರದ ಹೊಟ್ಟಿನ ಉಂಡೆಗಳನ್ನು ತೊಟ್ಟಿಗಳಲ್ಲಿ ತೇಲಬಿಟ್ಟು, ಅದರ ಪರಿಣಾಮವನ್ನು ಹಲವು ವಾರಗಳವರೆಗೆ ಉಳಿಸುವ ಪ್ರಯತ್ನವೂ ನಡೆಯಿತು. 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸರಿಯಾಗಿ ಕರಗುವಂತೆ ತಯಾರಿಸಿದ ಬೇವಿನ ಎಣ್ಣೆಯು ಹತ್ತು ಲಕ್ಷ ಭಾಗ ನೀರಿಗೆ ಎರಡು ಭಾಗಕ್ಕಿಂತಲೂ ಕಡಿಮೆ ಪ್ರಮಾಣದಲ್ಲಿಯೇ ಅರ್ಧದಷ್ಟು ಸೊಳ್ಳೆಮರಿಗಳನ್ನು ಕೊಲ್ಲಬಲ್ಲುದೆಂದು ತಿಳಿದುಬಂದಿತು. ತಿಳಿನೀರಿನ ಆನಾಫಿಲಿಸ್ ಮತ್ತು ಈಡಿಸ್ ಮರಿಗಳ ಮೇಲಿನ ಪರಿಣಾಮವು ಕೊಳಕುನೀರಿನ ಕ್ಯೂಲೆಕ್ಸ್ ಮರಿಗಳ ಮೇಲಿನದಕ್ಕಿಂತ ಹೆಚ್ಚಾಗಿತ್ತು.

ಗದ್ದೆಗಳ ವಿಷಯದಲ್ಲಿ ಮಧುರೆಯ ವೈದ್ಯಕೀಯ ಕೀಟಶಾಸ್ತ್ರ ಸಂಶೋಧನಾ ಕೇಂದ್ರದ ಕೆಲಸವು ಉಲ್ಲೇಖನೀಯ. ಹೆಕ್ಟೇರಿಗೆ 500 ಕಿಲೋಗ್ರಾಂ ಬೇವಿನ ಹಿಂಡಿಯ ಪುಡಿಯನ್ನು ಭತ್ತದ ಗದ್ದೆಗೆ ಹಾಕಿ, ನೀರನ್ನು ಸದಾ ನಿಲ್ಲಿಸದೆ ಆಗಾಗ ಬತ್ತಿಸಿ ಮತ್ತೆ ಹಾಯಿಸಿದಾಗ ಕ್ಯೂಲೆಕ್ಸ್ ಮರಿಗಳು ಬಹಳ ಕಡಿಮೆಯಾದುವೆಂದು ಅಲ್ಲಿಯ ವಿಜ್ಞಾನಿಗಳು 1992ರಲ್ಲಿ ವರದಿ ಮಾಡಿದರು. ಹಿಂಡಿ ಹೇಗೂ ಒಳ್ಳೆಯ ಗೊಬ್ಬರವಾದುದರಿಂದ ರೈತನಿಗೆ ಇದು ಎರಡು ಬಗೆಯ ಲಾಭ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪನ ಕಡ್ಡಾಯವಾಗಿದೆಯಾದರೂ, ಆ ಲೇಪನ ಅತ್ಯಲ್ಪವಾದುದು. ಸಾರಜನಕವು ನಿಧಾನವಾಗಿ ಬಿಡುಗಡೆಯಾಗಲೆಂಬುದೇ ಅದರ ಉದ್ದೇಶ. ಸೊಳ್ಳೆಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಇತರ ಸಸ್ಯಗಳು

ಬೇವಿನಂತೆಯೇ ಹೊಂಗೆಯ ಎಣ್ಣೆಗೂ ಸೊಳ್ಳೆಮರಿಗಳನ್ನು ಕೊಲ್ಲುವ ಗುಣವಿದೆ. ಸೀತಾಫಲದ ಬೀಜ, ತುಂಬೆ, ಲಕ್ಕಿ, ತುಳಸಿ ಇವುಗಳ ಸಾರಗಳೂ ಪ್ರಯೋಗಶಾಲೆಯಲ್ಲಿ ಫಲ ನೀಡಿವೆ. ಚೆಂಡುಹೂವಿನ ಗಿಡದ ಬೇರಿನಲ್ಲಿರುವ ಒಂದು ವಸ್ತುವು ಬಿಸಿಲು ಬಿದ್ದಾಗ ಮಾತ್ರ ಸೊಳ್ಳೆಮರಿಗೆ ಮಾರಕವಾಗುವುದು ಕುತೂಹಲಕರವಾದ ಸಂಗತಿ. ಅಂಟುವಾಳದ ಕಾಯಿಯ ನೊರೆಯು ನೀರಿನ ಮೇಲ್ಮೈಯ ಬಿಗುವನ್ನು ಕುಗ್ಗಿಸಿ, ಡಿಂಭವು ಅಲ್ಲಿ ತೂಗಿ ನಿಲ್ಲದಂತೆ ಮಾಡುತ್ತದೆ.

ಆದರೆ ಪ್ರಯೋಗಶಾಲೆಯ ಗಾಜಿನ ಲೋಟದಲ್ಲಿ ಫಲ ಕೊಟ್ಟದ್ದೆಲ್ಲ ಊರ ಚರಂಡಿಯಲ್ಲಿಯೂ ಫಲ ಕೊಡುವುದೆಂದು ಭಾವಿಸುವಂತಿಲ್ಲ. ವಿಜ್ಞಾನಿಗಳು ಆಲ್ಕೊಹಾಲ್ ಮೊದಲಾದ ದ್ರಾವಕಗಳಿಂದ ಸಸ್ಯದ ಸಾರವನ್ನು ಹಿಂಡಿ ತೆಗೆದು, ಅಳತೆ ಮಾಡಿ ಬಳಸುತ್ತಾರೆ. ಹಿಡಿ ಸೊಪ್ಪನ್ನು ನೀರಿಗೆ ಎಸೆದರೆ ಅದೇ ಪರಿಣಾಮ ದೊರೆಯದು. ಬದಲಾಗಿ, ಎಲೆ ಕೊಳೆತು ಸೊಳ್ಳೆಮರಿಗೆ ಆಹಾರವಾಗಿ, ಮೊಟ್ಟೆಯಿಡಲು ಬರುವ ಸೊಳ್ಳೆಯನ್ನು ಆಕರ್ಷಿಸುವುದೂ ಉಂಟು. ಆದುದರಿಂದ ಗ್ರಾಮಮಟ್ಟದಲ್ಲಿ ತಯಾರಿಸಲು ಸುಲಭವೂ, ಚೆನ್ನಾಗಿ ಪರೀಕ್ಷಿತವೂ ಆದ ಬೇವಿನ ಎಣ್ಣೆ ಮತ್ತು ಬೀಜದ ಕಷಾಯಗಳನ್ನು ಬಳಸುವುದೇ ಸೂಕ್ತ.

ತಯಾರಿಸುವ ವಿಧಾನ

ಬೇವಿನ ಹಣ್ಣು ಜೂನ್ ತಿಂಗಳಿನಿಂದ ಆಗಸ್ಟ್‌ವರೆಗೆ ಮಾಗಿ ಉದುರುತ್ತದೆ. ಮಳೆಗಾಲದ ಸೊಳ್ಳೆಗಳು ಹೆಚ್ಚುವ ಕಾಲವೂ ಇದರ ಬೆನ್ನಿಗೇ ಬರುತ್ತದೆ. ಹಣ್ಣಿನ ತಿರುಳನ್ನು ತಿಕ್ಕಿ ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿನಲ್ಲಿ ಒಣಗಿಸಿದರೆ ಅದರ ಸತ್ತ್ವವು ಕುಂದುತ್ತದೆ. ಹಸಿಯಾಗಿ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲಕ್ಕಿಂತ ಗಾಳಿಯಾಡುವ ಗೋಣಿಚೀಲ ಮೇಲು. ವರ್ಷ ಕಳೆದ ಬೀಜವನ್ನು ಈ ಕೆಲಸಕ್ಕೆ ಬಳಸಬಾರದು.

ಎಣ್ಣೆಯನ್ನು ಬಳಸುವುದಾದರೆ, ಒಂದು ಲೀಟರ್ ಮಿಶ್ರಣಕ್ಕೆ 50 ಮಿಲಿಲೀಟರ್ ಎಣ್ಣೆ ಸಾಕು. ಎಣ್ಣೆ ಮತ್ತು ನೀರು ತಾವಾಗಿ ಬೆರೆಯವು. ಮೊದಲು ಸ್ವಲ್ಪ ಬೆಚ್ಚನೆಯ ನೀರಿನಲ್ಲಿ ಸೋಪನ್ನು ಕರಗಿಸಿ, ಎಣ್ಣೆಯನ್ನು ಅದಕ್ಕೆ ಸುರಿದು ಚೆನ್ನಾಗಿ ಕಡೆಯಬೇಕು. ಹಾಲಿನಂತೆ ಬೆಳ್ಳಗಾದ ಮೇಲೆ ಉಳಿದ ನೀರನ್ನು ಸೇರಿಸಿ, ಕೂಡಲೇ ಬಳಸಬೇಕು. ತಡವಾದರೆ ಎಣ್ಣೆ ಮತ್ತೆ ಮೇಲಕ್ಕೆ ಬೇರ್ಪಡುತ್ತದೆ. ಈ ಒಂದು ಲೀಟರ್ ಮಿಶ್ರಣವು 20 ಚದರ ಮೀಟರ್ ನೀರಿನ ಮೇಲ್ಮೈಗೆ, ಎಂದರೆ ಅರ್ಧ ಮೀಟರ್ ಅಗಲದ ಚರಂಡಿಯ 40 ಮೀಟರ್ ಉದ್ದಕ್ಕೆ ಸಾಲುತ್ತದೆ. ಹೊಲಕ್ಕೆ ಔಷಧ ಹೊಡೆಯುವ ಕೈಪಂಪನ್ನು ಬಳಸುವುದಾದರೆ ಅದನ್ನು ಮೊದಲೇ ಚೆನ್ನಾಗಿ ತೊಳೆದಿರಬೇಕು. ಎಣ್ಣೆ ದೊರೆಯದೆಡೆ, ರೈತರು ಬೆಳೆಗೆ ಬಳಸುವ ಶೇಕಡಾ 5ರ ಬೀಜದ ಕಷಾಯವನ್ನು, ಎಂದರೆ 100 ಲೀಟರ್ ನೀರಿಗೆ 5 ಕಿಲೋಗ್ರಾಂ ತಿರುಳಿನ ಪುಡಿಯನ್ನು ರಾತ್ರಿಯೆಲ್ಲ ನೆನೆಯಿಟ್ಟು ಸೋಸಿ, ಸ್ವಲ್ಪ ಸೋಪಿನ ನೀರು ಬೆರೆಸಿದುದನ್ನು ಉಪಯೋಗಿಸಬಹುದು.

ಸಿಂಪಡಿಸಲು ಸಂಜೆಯ ಹೊತ್ತು ಒಳ್ಳೆಯದು. ಬೇವಿನ ಸತ್ತ್ವವು ಬಿಸಿಲಿಗೆ ಕೆಲವೇ ದಿನಗಳಲ್ಲಿ ವಿಘಟನೆ ಹೊಂದುತ್ತದೆ. ಮಣ್ಣಿನಲ್ಲಿಯೂ ನೀರಿನಲ್ಲಿಯೂ ವರ್ಷಗಟ್ಟಲೆ ಉಳಿಯುವ ಡಿ.ಡಿ.ಟಿ.ಯಂತೆ ಅದು ಪರಿಸರದಲ್ಲಿ ಶೇಖರವಾಗದೆಂಬುದು ಅದರ ಗುಣ. ವಾರಕ್ಕೊಮ್ಮೆ, ಮಳೆ ಸುರಿದರೆ ಮತ್ತೊಮ್ಮೆ ಸಿಂಪಡಿಸಬೇಕಾಗುವುದು ಅದರ ದೋಷ. ಕೋಶಾವಸ್ಥೆಗೆ ಬಂದ ಹುಳು ಏನನ್ನೂ ತಿನ್ನದ ಕಾರಣ ಅದರ ಮೇಲೆ ಪರಿಣಾಮ ಕಡಿಮೆ. ಮೊದಲ ಸಿಂಪಡಣೆಯ ಮರುದಿನವೂ ಕೆಲವು ಸೊಳ್ಳೆಗಳು ಹಾರುವುದನ್ನು ಕಂಡು ಮದ್ದು ವ್ಯರ್ಥವಾಯಿತೆಂದು ಕೈಬಿಡಬಾರದು.

ಯಾವ ನೀರಿಗೆ ಯಾವ ಉಪಾಯ

ಸಸ್ಯಮೂಲ ಔಷಧದ ಬಳಕೆಯಲ್ಲಿ ಆಗುವ ಮುಖ್ಯ ತಪ್ಪು, ಎಲ್ಲ ನೀರಿಗೂ ಒಂದೇ ಉಪಾಯವನ್ನು ಅನ್ವಯಿಸುವುದು. ಊರಿನ ನೀರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿಕೊಂಡರೆ ಈ ತಪ್ಪು ತಪ್ಪುತ್ತದೆ.

ಮೊದಲನೆಯದು, ಚೆಲ್ಲಬಹುದಾದ ನೀರು. ಕರಟ, ಎಳನೀರು ಬುರುಡೆ, ಟೈರು, ಒಡೆದ ಮಡಕೆ, ಒರಳುಕಲ್ಲು ಇವುಗಳಲ್ಲಿ ನಿಂತ ನೀರಿಗೆ ಯಾವ ಔಷಧವೂ ಬೇಡ. ನೀರನ್ನು ಚೆಲ್ಲಿ, ವಸ್ತುವನ್ನು ಬೋರಲು ಹಾಕಬೇಕು. ಕರಟವನ್ನು ಸೂರಿನ ಕೆಳಗೆ ಕೂಡಿಡಬೇಕು ಇಲ್ಲವೆ ಉರುವಲಿಗೆ ಬಳಸಬೇಕು. ಅಲುಗಿಸಲಾಗದ ಒರಳುಕಲ್ಲಿನ ಗುಳಿಗೆ ಮರಳು ತುಂಬಿದರಾಯಿತು. ಡೆಂಗಿಯ ಸೊಳ್ಳೆಯ ಬಹುಪಾಲು ನೆಲೆಗಳು ಈ ವರ್ಗಕ್ಕೆ ಸೇರುತ್ತವೆ.

ಎರಡನೆಯದು, ಕುಡಿಯುವ ಮತ್ತು ಅಡಿಗೆಯ ನೀರು. ಇದಕ್ಕೆ ಬೇವಿನ ಎಣ್ಣೆಯನ್ನಾಗಲಿ, ಬೇರಾವುದೇ ಸೊಪ್ಪಿನ ರಸವನ್ನಾಗಲಿ ಹಾಕಬಾರದು. ಪಾತ್ರೆಯನ್ನು ಬಿಗಿಯಾಗಿ ಮುಚ್ಚುವುದು, ವಾರಕ್ಕೊಮ್ಮೆ ಪೂರ್ತಿ ಖಾಲಿಮಾಡಿ ಒಳಗೋಡೆಯನ್ನು ತಿಕ್ಕಿ ತೊಳೆದು ಒಣಗಿಸುವುದು ಇವೇ ಇದಕ್ಕೆ ಉಪಾಯ. ಈಡಿಸ್ ಸೊಳ್ಳೆಯು ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಅವು ನೀರಿಲ್ಲದೆ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತುಂಬಿದೊಡನೆ ಒಡೆಯಬಲ್ಲವು. ಬರಿದೆ ನೀರನ್ನು ಚೆಲ್ಲಿದರೆ ಸಾಲದೆ ತಿಕ್ಕಿ ತೊಳೆಯಲೂ ಬೇಕೆನ್ನುವುದು ಇದರಿಂದಲೇ. ಬಸವಣ್ಣನ ದಿನವಾದ ಸೋಮವಾರ ಎತ್ತುಗಳಿಗೆ ನೊಗ ಹೂಡದಿರುವ ಪದ್ಧತಿ ಈ ಭಾಗದ ಅನೇಕ ರೈತ ಮನೆತನಗಳಲ್ಲಿದೆ. ಆ ಬಿಡುವಿನ ದಿನವನ್ನೇ ತೊಟ್ಟಿ ತೊಳೆಯುವ ದಿನವೆಂದು ಗೊತ್ತುಮಾಡಿಕೊಂಡರೆ ವಾರದ ಲೆಕ್ಕ ತಪ್ಪದು.

ಮೂರನೆಯದು, ಚೆಲ್ಲಲೂ ಆಗದ, ಕುಡಿಯಲೂ ಬಳಸದ, ವರ್ಷವಿಡೀ ನಿಲ್ಲುವ ನೀರು. ಪಾಳುಬಿದ್ದ ಬಾವಿ, ಕಲ್ಯಾಣಿ, ತೋಟದ ದೊಡ್ಡ ತೊಟ್ಟಿಗಳು ಇದಕ್ಕೆ ನಿದರ್ಶನ. ಇಲ್ಲಿ ಸೊಳ್ಳೆಮರಿಗಳನ್ನು ತಿನ್ನುವ ಮೀನೇ ಯೋಗ್ಯ. 1990ರ ದಶಕದಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕೋಲಾರ ಜಿಲ್ಲೆಯ ಕಾಮಸಮುದ್ರ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯ ಹಳ್ಳಿಗಳಲ್ಲಿ ಬಾವಿಗಳಿಗೆ ಗ್ಯಾಂಬೂಸಿಯ ಮತ್ತು ಗಪ್ಪಿ ಮೀನುಗಳನ್ನು ಬಿಟ್ಟು, ಮಲೇರಿಯಾ ಹರಡುವ ಸೊಳ್ಳೆಗಳನ್ನು ಹತೋಟಿಗೆ ತಂದರು. ಮನೆಗೆ ಸಿಂಪಡಣೆ ಬೇಡವೆಂದಿದ್ದ ರೇಷ್ಮೆ ರೈತರಿಗೆ ಈ ಉಪಾಯ ಒಪ್ಪಿಗೆಯಾಯಿತು. 2006ರ ಚಿಕುನ್‌ಗುನ್ಯಾ ಪಿಡುಗಿನ ತರುವಾಯ ಕರ್ನಾಟಕದ ಹಳ್ಳಿಗಳ ಮನೆಯೊಳಗಿನ ಸಿಮೆಂಟು ತೊಟ್ಟಿಗಳಲ್ಲಿಯೂ ಈ ಮೀನುಗಳು ಈಡಿಸ್ ಮರಿಗಳನ್ನು ಚೆನ್ನಾಗಿ ಕಡಿಮೆಮಾಡಿದವು. ಇವು ವಿದೇಶದಿಂದ ಬಂದ ಮೀನುಗಳು. ಗ್ಯಾಂಬೂಸಿಯವನ್ನು 1928ರಲ್ಲಿ ಇಟಲಿಯಿಂದ ತರಲಾಯಿತು. ಊರ ಕೆರೆಗೆ, ಹಳ್ಳಕ್ಕೆ ಇವನ್ನು ಬಿಟ್ಟರೆ ಸ್ಥಳೀಯ ಮೀನುಮರಿಗಳನ್ನೂ ತಿಂದು ಹಾಕುತ್ತವೆ. ಕಟ್ಟಿದ ತೊಟ್ಟಿ, ಬಾವಿಗಳಿಗೆ ಮಾತ್ರ, ಆರೋಗ್ಯ ಇಲಾಖೆಯವರ ಸಲಹೆ ಪಡೆದು ಬಿಡುವುದು ಉಚಿತ. ಮೀನಿರುವ ನೀರಿಗೆ ಬೇವು, ಹೊಂಗೆಗಳ ಎಣ್ಣೆಯನ್ನು ಹಾಕಬಾರದು. ಕಾರೆಕಾಯಿಯನ್ನು ಜಜ್ಜಿ ನೀರಿಗೆ ಹಾಕಿ ಮೀನನ್ನು ಮಂಪರುಗೊಳಿಸಿ ಹಿಡಿಯುವ ಹಳೆಯ ರೂಢಿಯನ್ನು ಬಲ್ಲವರಿಗೆ ಸಸ್ಯದ ರಸವೂ ಮೀನಿಗೆ ವಿಷವಾಗಬಲ್ಲುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು, ಬಳಕೆಗೆ ಬಾರದ ನಿಂತ ನೀರು: ಚರಂಡಿ, ಬಚ್ಚಲಗುಂಡಿ, ರಸ್ತೆ ಬದಿಯ ಹೊಂಡ, ಕಟ್ಟಡದ ತಳಪಾಯದ ಗುಂಡಿ, ಮರದ ಪೊಟರೆ. ಬೇವಿನ ಔಷಧಕ್ಕೆ ಯೋಗ್ಯವಾದ ಸ್ಥಾನ ಇದೇ. ಆದರೆ ಇಲ್ಲಿಯೂ ಮೊದಲು ಚರಂಡಿಯ ಹೂಳನ್ನೂ ಕಸವನ್ನೂ ತೆಗೆದು ನೀರು ಹರಿಯುವಂತೆ ಮಾಡಿ, ಅದರ ಮೇಲೂ ನಿಲ್ಲುವ ನೀರಿಗೆ ಮಾತ್ರ ಔಷಧ ಹಾಕಬೇಕು. ಕೊಳೆ ಹೆಚ್ಚಿದ್ದಷ್ಟೂ ಎಣ್ಣೆಯು ಕೊಳೆಯ ಕಣಗಳಿಗೇ ಅಂಟಿಕೊಂಡು ಸೊಳ್ಳೆಮರಿಗೆ ತಲುಪುವುದು ಕಡಿಮೆಯಾಗುತ್ತದೆ.

ಎಚ್ಚರಿಕೆಯ ಮಾತುಗಳು

ಸಸ್ಯಮೂಲವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವೆಂಬ ನಂಬಿಕೆಯು ಅನಾಹುತಕ್ಕೆ ಎಡೆಗೊಡುತ್ತದೆ. ಬೇವಿನ ಎಣ್ಣೆಯನ್ನು ಶಿಶುಗಳಿಗೆ ಕುಡಿಸಿದಾಗ ವಾಂತಿ, ಮೂರ್ಛೆ, ಮೆದುಳಿನ ಬಾಧೆಗಳುಂಟಾಗಿ ಪ್ರಾಣಾಪಾಯವಾದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ತೀವ್ರ ಗಾಯವಾಗುತ್ತದೆ. ದತ್ತೂರಿ, ಕಣಗಿಲೆ, ಕಾಡುಹರಳು ಇವುಗಳ ರಸವು ಸೊಳ್ಳೆಮರಿಯನ್ನು ಕೊಂದೀತು. ಆದರೆ ಮನುಷ್ಯನಿಗೂ ಜಾನುವಾರುಗಳಿಗೂ ಅವು ಘೋರ ವಿಷಗಳು. ಇಂತಹವನ್ನು ಮನೆಯ ಸುತ್ತ ನೀರಿಗೆ ಬಳಸುವ ಆಲೋಚನೆಯನ್ನೇ ಮಾಡಬಾರದು. ಔಷಧದ ಸೀಸೆಗಳನ್ನು ಮಕ್ಕಳ ಕೈಗೆಟಕದಂತೆ, ಹೆಸರು ಬರೆದು, ಅಡಿಗೆಯ ಎಣ್ಣೆಯಿಂದ ದೂರವಿರಿಸಬೇಕು.

ಬೇವಿನ ಎಲೆಯ ಹೊಗೆ ಹಾಕುವುದರಿಂದ ಸೊಳ್ಳೆಗಳು ಆ ಹೊತ್ತಿಗೆ ದೂರ ಸರಿಯುತ್ತವೆ. ಅವುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಮುಚ್ಚಿದ ಕೋಣೆಯ ಹೊಗೆ ಮಕ್ಕಳ, ವೃದ್ಧರ ಶ್ವಾಸಕೋಶಗಳಿಗೆ ಹಾನಿಕರ. ಜ್ವರ ಬಂದಾಗ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತಪರೀಕ್ಷೆ ಮಾಡಿಸುವುದು, ಹಗಲು ಮಲಗುವ ಶಿಶುಗಳಿಗೂ ಸೊಳ್ಳೆಪರದೆ ಕಟ್ಟುವುದು ಇವು ಯಾವ ಸಸ್ಯವೂ ಮಾಡಲಾರದ ಕೆಲಸಗಳು.

ಶಾಲೆ ಮತ್ತು ಊರಿನ ಹೊಣೆ

ಈ ಕಾರ್ಯದಲ್ಲಿ ಶಾಲೆಗಳ ಪಾತ್ರ ಹಿರಿದು. ವಿಜ್ಞಾನದ ತರಗತಿಯಲ್ಲಿ ಎರಡು ಗಾಜಿನ ಜಾಡಿಗಳಲ್ಲಿ ಒಂದೇ ಹೊಂಡದ ನೀರನ್ನು ತುಂಬಿ, ಎರಡಕ್ಕೂ ಇಪ್ಪತ್ತು ಇಪ್ಪತ್ತು ಸೊಳ್ಳೆಮರಿಗಳನ್ನು ಬಿಟ್ಟು, ಒಂದಕ್ಕೆ ಮಾತ್ರ ಕೆಲವು ಹನಿ ಬೇವಿನ ಮಿಶ್ರಣ ಹಾಕಿ, ಎರಡರ ಬಾಯಿಗೂ ತೆಳುವಾದ ಬಟ್ಟೆ ಕಟ್ಟಿ, ಪ್ರತಿದಿನವೂ ಬದುಕಿರುವವನ್ನು ಎಣಿಸಿ ಬರೆದಿಡುವುದು ಸುಲಭವಾದ ಪ್ರಯೋಗ. ಔಷಧ ಹಾಕದ ಜಾಡಿಯನ್ನೂ ಜೊತೆಗಿಟ್ಟು ಹೋಲಿಸಿದಾಗಲೇ ಫಲಿತಾಂಶ ನಂಬಲರ್ಹವಾಗುತ್ತದೆಂಬ ವೈಜ್ಞಾನಿಕ ವಿಧಾನವೂ ಇದರಿಂದ ಮನದಟ್ಟಾಗುತ್ತದೆ. ಬಿಲದ ದ್ವಾರದಂತಿರುವ ಒಂದು ಕರಟದಲ್ಲಿ ಎಷ್ಟು ಮರಿಗಳಿವೆಯೆಂದು ಎಣಿಸಿ ನೋಡಿದ ವಿದ್ಯಾರ್ಥಿಯು ತನ್ನ ಹಿತ್ತಲಿನ ಕರಟದ ರಾಶಿಯನ್ನು ಮುಂದೆ ಹಾಗೆಯೇ ಬಿಡಲಾರನು.

ಬೇವು, ಹೊಂಗೆಗಳ ಬೀಜ ಸಂಗ್ರಹಕ್ಕೆ ಹಾಸನ ಜಿಲ್ಲೆಯಲ್ಲಿ ಒಳ್ಳೆಯ ಮೇಲ್ಪಂಕ್ತಿಯಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿ, ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಮರಗಳನ್ನು ಹೊಲದ ಬದುಗಳಲ್ಲಿ ಬೆಳೆಸಲು ಜಿಲ್ಲೆಯ ರೈತರನ್ನು ಹುರಿದುಂಬಿಸಿತು. ಇಂಧನಕ್ಕೆಂದು ನೆಟ್ಟ ಈ ಮರಗಳ ಬೀಜದಲ್ಲಿ ಊರಿನ ಚರಂಡಿಗೆ ಬೇಕಾಗುವಷ್ಟು ಪಾಲನ್ನು ತೆಗೆದಿರಿಸುವುದು ಕಷ್ಟವಲ್ಲ. ಬಲಿತ ಬೇವಿನ ಮರವೊಂದು ವರ್ಷಕ್ಕೆ 30ರಿಂದ 50 ಕಿಲೋಗ್ರಾಂ ಹಣ್ಣು ಕೊಡುತ್ತದೆ. ಅದರಲ್ಲಿ ಹೆಚ್ಚಿನದು ಈಗ ಮರದಡಿಯಲ್ಲಿಯೇ ಕೊಳೆತುಹೋಗುತ್ತಿದೆ. ಶಾಲೆಯ ಮಕ್ಕಳು ಆಯ್ದು ತಂದ ಬೀಜವನ್ನು ಊರಿನ ಗಾಣದಲ್ಲಿಯೋ ಸಮೀಪದ ಎಣ್ಣೆ ಗಿರಣಿಯಲ್ಲಿಯೋ ಹಿಂಡಿಸಿ, ಎಣ್ಣೆಯನ್ನು ಗ್ರಾಮ ಪಂಚಾಯಿತಿಗೂ ಹಿಂಡಿಯನ್ನು ಗದ್ದೆ ತೋಟಗಳಿಗೂ ಕೊಡುವ ಏರ್ಪಾಡು ಯಾವ ಗ್ರಾಮದಲ್ಲಿಯಾದರೂ ಸಾಧ್ಯ.

ಒಂದು ಮನೆಯವರು ಮಾತ್ರ ಎಚ್ಚರವಹಿಸಿದರೆ ಸಾಲದು. ಸೊಳ್ಳೆಗೆ ಬೇಲಿಯ ಪರಿವೆಯಿಲ್ಲ. ಬೀದಿಯ ಹತ್ತು ಮನೆಗಳಲ್ಲಿ ಒಂಬತ್ತು ಮನೆಯವರು ತೊಟ್ಟಿ ತೊಳೆದು, ಹತ್ತನೆಯವರ ಹಿತ್ತಲಿನಲ್ಲಿ ಕರಟದ ರಾಶಿ ಉಳಿದರೆ ಹತ್ತು ಮನೆಗಳ ಮಕ್ಕಳಿಗೂ ಅಪಾಯ ತಪ್ಪದು. ಊರಿನ ಜನರು ಒಟ್ಟಾಗಿ, ಒಂದೇ ದಿನ, ವಾರ ವಾರವೂ ಬಿಡದೆ ಮಾಡಿದರೆ ಮಾತ್ರ ಈ ಕೆಲಸ ಫಲಿಸುತ್ತದೆ.

ಶರಣ ಪರಂಪರೆಯಲ್ಲಿ ಸೊನ್ನಲಿಗೆಯ ಸಿದ್ಧರಾಮನು ಕೆರೆಯನ್ನು ಕಟ್ಟಿಸಿದ ಕಾಯಕದಿಂದ ಲೋಕಮಾನ್ಯನಾದನು. ನೀರನ್ನು ಕೂಡಿಡುವುದು ಅಂದಿನ ಕಾಯಕವಾಗಿದ್ದರೆ, ಕೂಡಿಟ್ಟ ನೀರು ಯಾರ ಮನೆಗೂ ರೋಗವನ್ನು ತಾರದಂತೆ ಕಾಯುವುದು ಇಂದಿನ ಕಾಯಕ. ಬೇವಿನ ಮರ ಅದಕ್ಕೆ ಬೇಕಾದ ಸಾಮಗ್ರಿಯಲ್ಲಿ ಒಂದು ಪಾಲನ್ನು ಒದಗಿಸುತ್ತದೆ. ಉಳಿದ ಪಾಲು, ಪೊರಕೆ, ತಿಕ್ಕುವ ಬ್ರಷ್ಷು ಮತ್ತು ತಪ್ಪದ ವಾರದ ಲೆಕ್ಕ, ಊರಿನ ಪ್ರತಿಯೊಬ್ಬರ ಕೈಯಲ್ಲಿದೆ.